ರಿಪೇರಿ ಆದ್ಮೇಲೆ ಆಟೊಮ್ಯಾಟಿಕ್ ಲಾರಿ ಗೇರ್ ತಗೊಳ್ತಿಲ್ವಾ? ಗೇರ್ ಬಾಕ್ಸ್ ಇಳಿಸೋಕೆ ಮುಂಚೆ ಇಷ್ಟು ನೋಡಿಸಿ

ಮಧುಗಿರಿ: ಕ್ಲಚ್ ಪ್ಲೇಟ್ ಹಾಕಿಸಿ, ಬಿಲ್ ಕಟ್ಟಿ, ಲಾರಿ ಹೊರಗೆ ತಂದು ಒಂದು ಬಾಡಿಗೆ ಹೊಡೆಯೋ ಅಷ್ಟರಲ್ಲಿ ಗೇರ್ ಬೀಳಲ್ಲ. ಇಂಜಿನ್ ಚೆನ್ನಾಗಿ ಓಡುತ್ತೆ, ಗಾಡಿ ಮಾತ್ರ ಜಾಗ ಬಿಟ್ಟು ಕದಲಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ, ಗೇರ್ ತೋರಿಸೋ ಜಾಗದಲ್ಲಿ ನ್ಯೂಟ್ರಲ್ ಗುರುತು ಮಿನುಗ್ತಾ ಇರುತ್ತೆ. ಯಾರನ್ನ ಕೇಳಿದರೂ ಒಂದೇ ಉತ್ತರ: "ಗೇರ್ ಬಾಕ್ಸೇ ಹೋಗಿರಬೇಕು ಅಣ್ಣ, ಇಳಿಸಿ ನೋಡೋಣ."

ಅಲ್ಲೇ ಸ್ವಲ್ಪ ತಡೀಬೇಕು. ರಿಪೇರಿಗೆ ಮುಂಚೆ ಸರಿಯಾಗಿದ್ದ ಗೇರ್ ಬಾಕ್ಸ್ ರಿಪೇರಿ ಆದ ಕೂಡಲೇ ಕೈಕೊಟ್ಟರೆ, ಮೊದಲು ಅನುಮಾನ ಪಡಬೇಕಾದ್ದು ಗೇರ್ ಬಾಕ್ಸ್ ಮೇಲಲ್ಲ. ರಿಪೇರಿ ಹೊತ್ತಿನಲ್ಲಿ ಕೈ ಹಾಕಿದ ಜಾಗಗಳ ಮೇಲೆ. ಬಿಚ್ಚಿದ ಕನೆಕ್ಟರ್, ಸಡಿಲವಾಗಿ ಕೂತ ಅರ್ಥ್ ವೈರ್, ತಪ್ಪು ಆಯಿಲ್, ಸ್ಕ್ಯಾನರ್‌ನಲ್ಲಿ ಮಾಡದೇ ಬಿಟ್ಟ 'ಲರ್ನಿಂಗ್'. ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಗಟ್ಟಿಮುಟ್ಟಾದ ಗೇರ್ ಬಾಕ್ಸ್ ಕೂಡ ಸತ್ತ ಹಾಗೆ ಕಾಣೋಕೆ. ಇದು ಗೊತ್ತಿಲ್ಲದೇ ಗೇರ್ ಬಾಕ್ಸ್ ಇಳಿಸಿದರೆ ದಿನಗಟ್ಟಲೆ ಬಾಡಿಗೆ ಹೋಗುತ್ತೆ, ಫೈನಾನ್ಸ್ ಕಂತು ಮಾತ್ರ ನಿಲ್ಲಲ್ಲ. ಲೋಡ್ ಕಾಯ್ತಾ ಕೂತ ಅಂಗಡಿಯವರಿಗೂ ನಷ್ಟ.

ನಮ್ಮ ಕಡೆ ಯಾವ ಗಾಡಿಗಳಿಗೆ ಈ ಮಾತು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಭಾಗದಲ್ಲಿ ಅಂಗಡಿಗಳಿಗೆ ಸರಕು ತರೋ ಸಣ್ಣ ಗಾಡಿಗಳು, ಪಿಕಪ್‌ಗಳಲ್ಲಿ ಹೆಚ್ಚಿನವು ಈಗಲೂ ಕೈಯಲ್ಲಿ ಗೇರ್ ಹಾಕೋ ಗಾಡಿಗಳೇ. ಆದರೆ ದೊಡ್ಡ ಗಾಡಿಗಳಲ್ಲಿ ಚಿತ್ರ ಬದಲಾಗ್ತಿದೆ. ಟಾಟಾ, ಅಶೋಕ್ ಲೇಲ್ಯಾಂಡ್, ಐಷರ್, ಭಾರತ್ ಬೆಂಜ್ ಕಂಪನಿಗಳು ಭಾರಿ ಲಾರಿ, ಟಿಪ್ಪರ್‌ಗಳಲ್ಲಿ ಎಎಂಟಿ ಅನ್ನೋ ಆಟೊಮ್ಯಾಟಿಕ್ ಗೇರ್ ಕೊಡ್ತಿವೆ. ವೋಲ್ವೊ ಕಂಪನಿಯ ಐ-ಶಿಫ್ಟ್ ಕೂಡ ಇದೇ ಜಾತಿ. ಅದು 2001ರಲ್ಲೇ ವಿದೇಶದಲ್ಲಿ ಬಂದದ್ದು. ಶಿರಾ ಮೇಲೆ ಹಾದು ಹೋಗೋ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡೋ ದೂರದ ಲಾರಿಗಳಲ್ಲಿ ಇಂಥವು ಸಿಗುತ್ತವೆ.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಬಂದ ಮೇಲೆ ಆ ಕಡೆಯ ಜನಕ್ಕೆ ದೊಡ್ಡ ದೊಡ್ಡ ಲಾರಿ, ಕ್ರೇನ್‌ಗಳು ಹೊಸದಲ್ಲ. ಕೆರೆ ಹೂಳು, ರಸ್ತೆ, ಲೇಔಟ್ ಕೆಲಸಕ್ಕೆ ಊರೂರಲ್ಲಿ ಓಡೋ ಜೆಸಿಬಿಯಲ್ಲೂ ಟಾರ್ಕ್ ಕನ್ವರ್ಟರ್ ಇದೆ. ಇನ್ನು ಕಾರುಗಳಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಎಎಂಟಿ ಬಂತು. ಈಗ ಪೇಟೆ ಬೀದಿಗಳಲ್ಲಿ ಅಂಥ ಕಾರುಗಳು ಸಾಮಾನ್ಯ. ಹಾಗಾಗಿ ಇಲ್ಲಿ ಲಾರಿಗೆ ಹೇಳಿದ ಬಹಳಷ್ಟು ಮಾತು ಕಾರಿಗೂ, ಜೆಸಿಬಿಗೂ ಸಲ್ಲುತ್ತೆ.

ಎಲ್ಲ ಆಟೊಮ್ಯಾಟಿಕ್ಕೂ ಒಂದೇ ಅಲ್ಲ

ಮೊದಲು ಗಾಡಿಯಲ್ಲಿ ಇರೋದು ಯಾವ ಬಗೆ ಅಂತ ತಿಳೀಬೇಕು. ಎರಡು ಮುಖ್ಯ ಬಗೆ ಇವೆ.

ಒಂದು, ಎಎಂಟಿ. ಒಳಗಡೆ ಇರೋದು ಹಳೇ ಕಾಲದ ಹಾಗೆಯೇ ಹಲ್ಲಿನ ಚಕ್ರಗಳ ಗೇರ್ ಬಾಕ್ಸ್, ಕ್ಲಚ್ ಪ್ಲೇಟ್. ಕಾಲಲ್ಲಿ ಕ್ಲಚ್ ಒತ್ತೋ ಕೆಲಸ, ಕೈಯಲ್ಲಿ ಗೇರ್ ಹಾಕೋ ಕೆಲಸ ಎರಡನ್ನೂ ಯಂತ್ರ ಮಾಡುತ್ತೆ. ಭಾರಿ ಲಾರಿಗಳಲ್ಲಿ ಹೆಚ್ಚಾಗಿ ಬ್ರೇಕಿಗೆ ಹೋಗೋ ಗಾಳಿಯ ಒತ್ತಡದಿಂದಲೇ ಇದು ನಡೆಯುತ್ತೆ. ಕಾರುಗಳಲ್ಲಿ ಆಯಿಲ್ ಒತ್ತಡ ಅಥವಾ ಸಣ್ಣ ಮೋಟರ್. ಯಾವಾಗ ಯಾವ ಗೇರ್ ಅಂತ ತೀರ್ಮಾನ ಮಾಡೋದು ಒಂದು ಕಂಪ್ಯೂಟರ್ ಡಬ್ಬಿ. ಮೆಕ್ಯಾನಿಕ್‌ಗಳು ಅದನ್ನ ಟಿಸಿಯು ಅಂತಾರೆ.

ಎರಡು, ಟಾರ್ಕ್ ಕನ್ವರ್ಟರ್ ಇರೋ ಪೂರ್ತಿ ಆಟೊಮ್ಯಾಟಿಕ್. ಇದರಲ್ಲಿ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಒಣ ಕ್ಲಚ್ ಪ್ಲೇಟ್ ಇಲ್ಲ. ಆಯಿಲ್ ತುಂಬಿದ ಗುಂಡನೆಯ ಕನ್ವರ್ಟರ್ ಶಕ್ತಿ ದಾಟಿಸುತ್ತೆ. ಪಂಪ್ ಕೊಡೋ ಆಯಿಲ್ ಒತ್ತಡದಿಂದ ಒಳಗಿನ ಕ್ಲಚ್‌ಗಳು ಹಿಡಿಯುತ್ತವೆ, ಬಿಡುತ್ತವೆ. ಅಲಿಸನ್, ವಾಯ್ತ್, ಜೆಡ್‌ಎಫ್ ಹೆಸರಿನ ಗೇರ್ ಬಾಕ್ಸ್‌ಗಳು ಬಸ್ಸು, ವಿಶೇಷ ಕೆಲಸದ ಲಾರಿಗಳಲ್ಲಿ ಇರುತ್ತವೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಎಎಂಟಿ ಕೆಟ್ಟಾಗ ಗಾಳಿ, ಕರೆಂಟು, ಕ್ಲಚ್ ಅಳತೆ ನೋಡಬೇಕು. ಟಾರ್ಕ್ ಕನ್ವರ್ಟರ್ ಗಾಡಿ ಕೆಟ್ಟಾಗ ಆಯಿಲ್ಲು, ಒತ್ತಡ ಮೊದಲು ನೋಡಬೇಕು. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ದುಡ್ಡು ದಂಡ.

ಮೊದಲ ಪ್ರಶ್ನೆ: ಏನೇನು ಬಿಚ್ಚಿದ್ರಿ?

ರಿಪೇರಿ ನಂತರದ ದೋಷ ಹುಡುಕೋಕೆ ಅತಿ ಅಗ್ಗದ ಸಾಧನ ಒಂದು ಹಾಳೆ, ಒಂದು ಪೆನ್ನು. ಕಡೇ ರಿಪೇರಿಯಲ್ಲಿ ಏನು ಬಿಚ್ಚಿದರು, ಏನು ಹೊಸದು ಹಾಕಿದರು, ಯಾವ ಆಯಿಲ್ ತುಂಬಿದರು, ವೆಲ್ಡಿಂಗ್ ಮಾಡಿದರೋ, ವಾಟರ್ ಸರ್ವೀಸ್ ಆಯ್ತೋ, ಎಲ್ಲ ಸಾಲಾಗಿ ಬರೀಬೇಕು. ಆಮೇಲೆ ಗಾಡಿ ಯಾವಾಗ ಕೆಟ್ಟಿತು ಅಂತ ಬರೀಬೇಕು: ಗ್ಯಾರೇಜಿಂದ ಹೊರಗೇ ಬರಲಿಲ್ವಾ? ಹತ್ತು ಕಿಲೋಮೀಟರ್ ಹೋಗಿ ಬಿಸಿ ಆದ ಮೇಲಾ? ಲೋಡ್ ಹಾಕಿದಾಗ ಮಾತ್ರವಾ? ಗುಂಡಿಗೆ ಇಳಿದಾಗಲಾ?

ಈ ಉತ್ತರಗಳೇ ಅರ್ಧ ದಾರಿ ತೋರಿಸುತ್ತವೆ. ಗ್ಯಾರೇಜಲ್ಲೇ ಗೇರ್ ಬೀಳದಿದ್ದರೆ ಕನೆಕ್ಟರ್, ಲರ್ನಿಂಗ್, ಜೋಡಣೆ ತಪ್ಪಿರೋ ಸಾಧ್ಯತೆ ಮೊದಲು ನೋಡಬೇಕು. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಜಾರುತ್ತೆ ಅಂದರೆ ಆಯಿಲ್ ಮಟ್ಟ, ಆಯಿಲ್ ಬಗೆ, ಕೂಲರ್ ಕಡೆ ನೋಡಬೇಕು. ಗುಂಡಿಗೆ ಇಳಿದಾಗ ಬಿಟ್ಟು ಬಿಟ್ಟು ಕೈಕೊಟ್ಟರೆ ವೈರ್ ಅಥವಾ ಪಿನ್ ಸಡಿಲ ಅಂತ ಅನುಮಾನ. ಮಧುಗಿರಿ, ಪಾವಗಡ ಕಡೆಯ ಏರು ರಸ್ತೆಯಲ್ಲಿ ಲೋಡ್ ಇದ್ದಾಗ ಮಾತ್ರ ಎಳೆಯದಿದ್ದರೆ ಕ್ಲಚ್ ಜಾರುತ್ತಿದೆಯಾ ಅಂತ ನೋಡಬೇಕು.

ಬ್ಯಾಟರಿ, ಅರ್ಥ್, ಫ್ಯೂಸ್: ಹತ್ತು ನಿಮಿಷದ ಕೆಲಸ

ಕ್ಲಚ್ ಕೆಲಸಕ್ಕೆ ಗೇರ್ ಬಾಕ್ಸ್ ಇಳಿಸುವಾಗ ಬ್ಯಾಟರಿ ಕೇಬಲ್ ಬಿಚ್ಚುತ್ತಾರೆ, ಗೇರ್ ಬಾಕ್ಸ್‌ನಿಂದ ಚಾಸಿಗೆ ಹೋಗೋ ಅರ್ಥ್ ಪಟ್ಟಿ ಬಿಚ್ಚುತ್ತಾರೆ. ವಾಪಸ್ ಹಾಕುವಾಗ ತುಕ್ಕು, ಬಣ್ಣ, ಗ್ರೀಸ್ ಕೆರೆಯದೇ ಬೋಲ್ಟ್ ಬಿಗಿದರೆ ಇಂಜಿನ್ ಸ್ಟಾರ್ಟ್ ಆಗಬಹುದು, ಆದರೆ ಟಿಸಿಯುಗೆ ಬೇಕಾದ ಶುದ್ಧ ಕರೆಂಟ್ ಸಿಗಲ್ಲ.

ಭಾರಿ ಲಾರಿಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ವೋಲ್ಟ್. ಪೂರ್ತಿ ಚಾರ್ಜ್ ಇದ್ದರೆ ನಿಂತ ಗಾಡಿಯಲ್ಲಿ ಮೀಟರ್ ಸುಮಾರು 25 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ 27ರಿಂದ 28 ವೋಲ್ಟ್ ಆಸುಪಾಸು ಬರಬೇಕು. ಸೆಲ್ಫ್ ಹೊಡೆಯುವಾಗ 19 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಅಥವಾ ಕೇಬಲ್ ಮೇಲೆ ಅನುಮಾನ. ಇನ್ನೊಂದು ಪರೀಕ್ಷೆ: ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಗೇರ್ ಬಾಕ್ಸ್ ಮೈ ಮೇಲೆ ಇಟ್ಟು ಸೆಲ್ಫ್ ಹೊಡೀಬೇಕು. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ದಾರಿ ಸರಿ ಇಲ್ಲ ಅಂತಲೇ ಹಿಡೀಬೇಕು.

ಫ್ಯೂಸ್ ವಿಷಯದಲ್ಲಿ ಒಂದು ಮಾತು. ಬಹಳಷ್ಟು ಆಟೊಮ್ಯಾಟಿಕ್ ಗಾಡಿಗಳಲ್ಲಿ ಬ್ರೇಕ್ ಒತ್ತದೇ ನ್ಯೂಟ್ರಲ್ ಬಿಟ್ಟು ಗೇರ್ ಬೀಳಲ್ಲ. ಬ್ರೇಕ್ ಒತ್ತಿದ ಸುದ್ದಿ ಟಿಸಿಯುಗೆ ಹೋಗೋದು ಬ್ರೇಕ್ ಪೆಡಲ್ ಹತ್ತಿರದ ಸ್ವಿಚ್ಚಿಂದ. ಆ ಸ್ವಿಚ್ ಕೆಟ್ಟರೆ, ಅದರ ಫ್ಯೂಸ್ ಹೋದರೆ, ಚಾಲಕ ಎಷ್ಟು ಒತ್ತಿದರೂ ಕಂಪ್ಯೂಟರ್‌ಗೆ ಗೊತ್ತಾಗಲ್ಲ. ಹಾಗಾಗಿ ಗೇರ್ ಬೀಳದ ಗಾಡಿಯಲ್ಲಿ ಹಿಂದೆ ಒಬ್ಬರನ್ನ ನಿಲ್ಲಿಸಿ "ಬ್ರೇಕ್ ಲೈಟ್ ಹತ್ತುತ್ತಾ ನೋಡಪ್ಪ" ಅನ್ನೋದು ಕಾಸು ಖರ್ಚಿಲ್ಲದ ಪರೀಕ್ಷೆ.

ಟಿಪ್ಪರ್‌ಗಳಲ್ಲಿ ಪಿಟಿಒ ಸ್ವಿಚ್ಚೂ ನೋಡಬೇಕು. ಬಾಡಿ ಎತ್ತೋ ಪಂಪ್ ಹಿಡಿದಿದೆ ಅಂತ ಕಂಪ್ಯೂಟರ್ ತಿಳಿದುಕೊಂಡಿದ್ದರೆ ಮುಂದಿನ ಗೇರ್‌ಗೆ ಹೋಗೋಕೆ ಬಿಡದೇ ಇರಬಹುದು. ಹೈಡ್ರಾಲಿಕ್ ಕೆಲಸ ಮಾಡಿಸಿದ ಮೇಲೆ ಗೇರ್ ತೊಂದರೆ ಬಂದರೆ ಇದು ನೆನಪಿರಲಿ. ಜೆಸಿಬಿ ತರಹದ ಯಂತ್ರದಲ್ಲಿ ಮುಂದೆ-ಹಿಂದೆ ಲಿವರ್ ಸೊಲೆನಾಯ್ಡ್ ವಾಲ್ವ್‌ಗೆ ಕರೆಂಟ್ ಕಳಿಸುತ್ತೆ. ಅಲ್ಲೂ ಒಂದು ಫ್ಯೂಸ್, ಒಂದು ತುಂಡಾದ ವೈರ್ ಯಂತ್ರವನ್ನೇ ನಿಲ್ಲಿಸಿಬಿಡಬಹುದು.

ಸ್ಕ್ಯಾನರ್ ಹಾಕೋದು ಹೇಗೆ, ನಂಬೋದು ಎಷ್ಟು?

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಲಾರಿಗಳಲ್ಲಿ ಸೆನ್ಸರ್‌ಗಳು, ಕಂಪ್ಯೂಟರ್ ಡಬ್ಬಿಗಳು ಜಾಸ್ತಿ ಆಗಿವೆ. ಇಂಜಿನ್, ಗೇರ್ ಬಾಕ್ಸ್, ಬ್ರೇಕ್‌ನ ಡಬ್ಬಿಗಳು ಕ್ಯಾನ್ ಅನ್ನೋ ಜೋಡಿ ವೈರ್ ಮೇಲೆ ಮಾತಾಡಿಕೊಳ್ಳುತ್ತವೆ. ದೋಷ ಬಂದರೆ ಕೋಡ್ ಆಗಿ ಬರೆದಿಡುತ್ತವೆ.

ಇಲ್ಲಿ ಮೂರು ಎಚ್ಚರ. ಒಂದು, ಕೋಡ್ ಅಳಿಸೋಕೆ ಮುಂಚೆ ಎಲ್ಲವನ್ನೂ ಬರೆದುಕೊಳ್ಳಬೇಕು, ಇಲ್ಲವೇ ಮೊಬೈಲ್‌ನಲ್ಲಿ ಫೋಟೊ ತೆಗೀಬೇಕು. "ಎರರ್ ಅಳಿಸಿದೀನಿ, ಓಡಿಸಿ ನೋಡಿ" ಅಂದರೆ ಸಾಕ್ಷಿ ಅಳಿಸಿದ ಹಾಗೆ. ಎರಡು, ಕೋಡ್ ಹೇಳೋದು ಯಾವ ಸಾಲಿನಲ್ಲಿ ತೊಂದರೆ ಅಂತ, ಯಾವ ಪಾರ್ಟ್ ಬದಲಿಸಬೇಕು ಅಂತ ಅಲ್ಲ. 'ಔಟ್‌ಪುಟ್ ಸ್ಪೀಡ್ ಸೆನ್ಸರ್' ಅಂತ ಬಂದರೆ ಸೆನ್ಸರ್ ಕೆಟ್ಟಿರಬಹುದು, ವೈರ್ ತುಂಡಾಗಿರಬಹುದು, ಪ್ರೊಪೆಲ್ಲರ್ ಶಾಫ್ಟ್ ಕೆಲಸದಲ್ಲಿ ಕನೆಕ್ಟರ್ ಹಾಕೋದೇ ಮರೆತಿರಬಹುದು. ಮೂರು, ಒಟ್ಟಿಗೆ ಹತ್ತಾರು ಕೋಡ್ ಬಂದರೆ ಹತ್ತಾರು ಪಾರ್ಟ್ ಹೋಗಿವೆ ಅಂತ ಅಲ್ಲ. ಕರೆಂಟ್, ಅರ್ಥ್, ಕ್ಯಾನ್ ವೈರ್ ಇವುಗಳಲ್ಲಿ ಎಲ್ಲೋ ಒಂದು ಕಡೆ ಮೂಲ ಇರುತ್ತೆ.

ಕ್ಯಾನ್ ವೈರ್ ನೋಡೋಕೆ ಸುಲಭದ ದಾರಿ ಇದೆ. ಬ್ಯಾಟರಿ ಆಫ್ ಮಾಡಿ ಎರಡು ಕ್ಯಾನ್ ವೈರ್ ನಡುವೆ ಓಮ್ ಅಳೆದರೆ ಸಾಮಾನ್ಯವಾಗಿ 60 ಓಮ್ ಬರಬೇಕು. ಎರಡು ತುದಿಯಲ್ಲಿ ಒಂದೊಂದು 120 ಓಮ್ ರೆಸಿಸ್ಟರ್ ಇರೋದರಿಂದ ಈ ಲೆಕ್ಕ. 120 ತೋರಿಸಿದರೆ ಒಂದು ಕಡೆ ಸಾಲು ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ತಾಗಿವೆ. ಒಳ್ಳೇ ಆಟೊ ಎಲೆಕ್ಟ್ರಿಷಿಯನ್‌ಗೆ ಇದು ಐದು ನಿಮಿಷದ ಕೆಲಸ.

ಎಎಂಟಿ ಲಾರಿಯಲ್ಲಿ: ಲರ್ನಿಂಗ್ ಆಯ್ತಾ, ಗಾಳಿ ಇದೆಯಾ?

ಕೈ ಗೇರಿನ ಲಾರಿಯಲ್ಲಿ ಹೊಸ ಕ್ಲಚ್ ಪ್ಲೇಟ್ ಹಾಕಿದರೆ ಚಾಲಕನ ಕಾಲಿಗೇ ಗೊತ್ತಾಗುತ್ತೆ, ಪೆಡಲ್ ಎಷ್ಟು ಬಿಟ್ಟಾಗ ಗಾಡಿ ಎಳೆಯುತ್ತೆ ಅಂತ. ಎರಡು ದಿನದಲ್ಲಿ ಕಾಲು ಹೊಂದಿಕೊಳ್ಳುತ್ತೆ. ಎಎಂಟಿಯಲ್ಲಿ ಆ 'ಕಾಲು' ಕಂಪ್ಯೂಟರ್. ಹಳೇ ಸವೆದ ಪ್ಲೇಟಿನ ಅಳತೆ ಅದರ ನೆನಪಲ್ಲಿ ಇರುತ್ತೆ. ಹೊಸ ಪ್ಲೇಟ್ ದಪ್ಪ, ಹಿಡಿಯೋ ಜಾಗ ಬೇರೆ. ಹಾಗಾಗಿ ಕ್ಲಚ್, ಕ್ಲಚ್ ಆಕ್ಚುಯೇಟರ್, ಗೇರ್ ಆಕ್ಚುಯೇಟರ್, ಟಿಸಿಯು ಇವುಗಳಲ್ಲಿ ಯಾವುದು ಬದಲಿಸಿದರೂ ಕಂಪನಿ ಹೇಳಿದ ಕ್ರಮದಲ್ಲಿ ಸ್ಕ್ಯಾನರ್ ಮೂಲಕ ಹೊಸದಾಗಿ ಕಲಿಸಬೇಕು. ಇದಕ್ಕೇ ಗ್ಯಾರೇಜಲ್ಲಿ ಲರ್ನಿಂಗ್ ಅಂತಾರೆ.

ಇದು ಮಾಡದೇ ಬಿಟ್ಟರೆ ಗಾಡಿ ಎದ್ದು ಬೀಳೋ ಹಾಗೆ ಜರ್ಕ್ ಹೊಡೀಬಹುದು, ಗೇರ್ ಬಿದ್ದರೂ ಎಳೆಯದೇ ಇರಬಹುದು, ಅಥವಾ ನ್ಯೂಟ್ರಲ್ ಬಿಟ್ಟು ಕದಲದೇ ಇರಬಹುದು. ಹೊಸ ಕ್ಲಚ್ ಜಾರ್ತಾ ಓಡಿದರೆ ಪ್ಲೇಟ್ ಸುಟ್ಟು ಎರಡನೇ ಸಲ ಅದೇ ಖರ್ಚು. ಎಲ್ಲರ ಸ್ಕ್ಯಾನರಲ್ಲೂ ಈ ಕೆಲಸ ಆಗಲ್ಲ. ಕೋಡ್ ಓದೋ ಸಣ್ಣ ಸ್ಕ್ಯಾನರ್ ಬೇರೆ, ಲರ್ನಿಂಗ್ ಮಾಡಿಸೋ ಸ್ಕ್ಯಾನರ್ ಬೇರೆ. ಕ್ಲಚ್ ಕೆಲಸ ಕೊಡೋಕೆ ಮುಂಚೆಯೇ "ನಿಮ್ಮಲ್ಲಿ ಲರ್ನಿಂಗ್ ಆಗುತ್ತಾ, ಇಲ್ಲ ಹೊರಗಿಂದ ಕರೆಸ್ತೀರಾ?" ಅಂತ ಕೇಳೋದು ಜಾಣತನ.

ಎರಡನೆಯದು ಗಾಳಿ. ಲಾರಿಯ ಗಾಳಿ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ 8 ಬಾರ್ ಆಸುಪಾಸು ಒತ್ತಡ ಇರುತ್ತೆ. ಗೇರ್ ಬಾಕ್ಸ್‌ಗೆ ಹೋಗೋ ಪೈಪ್ ಸರಿ ಕೂರದೇ ಸೋರಿದರೆ, ಮಡಚಿಕೊಂಡರೆ ಕ್ಲಚ್ ಪೂರ್ತಿ ಬಿಡಲ್ಲ, ಗೇರ್ ಕೂರಲ್ಲ. ಗಾಡಿ ಆಫ್ ಮಾಡಿ ಸುಮ್ಮನೆ ನಿಂತು 'ಸುಯ್' ಅನ್ನೋ ಸದ್ದು ಕೇಳಬೇಕು. ಜಾಯಿಂಟ್‌ಗಳಿಗೆ ಸೋಪ್ ನೀರು ಹಚ್ಚಿದರೆ ಸೋರೋ ಜಾಗದಲ್ಲಿ ಗುಳ್ಳೆ ಏಳುತ್ತೆ. ಏರ್ ಡ್ರೈಯರ್ ಹಾಳಾಗಿ ಟ್ಯಾಂಕಲ್ಲಿ ನೀರು ಸೇರಿದರೂ ಒಳಗಿನ ಸಣ್ಣ ವಾಲ್ವ್‌ಗಳು ಹಿಡಿದುಕೊಳ್ಳುತ್ತವೆ.

ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ: ಆಯಿಲ್ಲೇ ಜೀವ

ಈ ಬಗೆಯಲ್ಲಿ ಆಯಿಲ್ ಬರೀ ನೆನೆಸೋಕಲ್ಲ. ಒತ್ತಡ ಹುಟ್ಟಿಸಿ ಕ್ಲಚ್ ಹಿಡಿಸೋದೂ ಅದೇ, ಬಿಸಿ ಹೊರಹಾಕೋದೂ ಅದೇ. ಮಟ್ಟ ಕಡಿಮೆ ಇದ್ದರೆ ಪಂಪ್ ಗಾಳಿ ಎಳೆದು ಗೇರ್ ಜಾರುತ್ತೆ. ಮಟ್ಟ ಹೆಚ್ಚಾದರೂ ಒಳಗಿನ ಚಕ್ರಗಳು ಆಯಿಲ್ ಕಡೆದು ನೊರೆ ಎಬ್ಬಿಸುತ್ತವೆ, ಆಗಲೂ ಜಾರುತ್ತೆ. ಮಟ್ಟ ನೋಡೋ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಬಹಳಷ್ಟರಲ್ಲಿ ಆಯಿಲ್ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ಇಂಜಿನ್ ಆಯಿಲ್ ತರಹ ಆಫ್ ಮಾಡಿ ನೋಡಿದರೆ ಲೆಕ್ಕ ತಪ್ಪುತ್ತೆ.

ಆಯಿಲ್ ಬಣ್ಣ, ವಾಸನೆ ಕೂಡ ಮಾತಾಡುತ್ತೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟ್‌ಗಳು ಸುಟ್ಟಿರಬಹುದು. ಹಾಲು ಬೆರೆಸಿದ ಹಾಗೆ ಕಂಡರೆ ಕೂಲರ್ ಒಡೆದು ರೇಡಿಯೇಟರ್ ನೀರು ಸೇರಿರಬಹುದು. ಅಂಥ ಗಾಡಿಯನ್ನ ಒಂದು ಕಿಲೋಮೀಟರ್ ಕೂಡ ಓಡಿಸಬಾರದು. ಗ್ರೇಡ್ ವಿಷಯದಲ್ಲಿ "ಎಲ್ಲ ಆಯಿಲ್ಲೂ ಒಂದೇ" ಅನ್ನೋ ಮಾತು ನಂಬಬಾರದು. ಗಾಡಿ ಪುಸ್ತಕದಲ್ಲಿ ಬರೆದಿರೋದನ್ನೇ ಹಾಕಿಸಬೇಕು, ಖಾಲಿ ಡಬ್ಬ ಕಣ್ಣಾರೆ ನೋಡಬೇಕು.

ಗೇರ್ ಬಾಕ್ಸ್ ಇಳಿಸಿ ಮತ್ತೆ ಏರಿಸಿದ ಗಾಡಿಯಲ್ಲಿ ಇನ್ನೊಂದು ಅಪಾಯ. ಕನ್ವರ್ಟರ್ ಪಂಪಿನೊಳಗೆ ಪೂರ್ತಿ ಕೂರದೇ ಇರುವಾಗಲೇ ಗೇರ್ ಬಾಕ್ಸನ್ನು ಬೋಲ್ಟ್ ಬಿಗಿದು ಇಂಜಿನ್ ಕಡೆಗೆ ಎಳೆದರೆ ಪಂಪ್ ಮುರಿಯುತ್ತೆ. ಸ್ಟಾರ್ಟ್ ಮಾಡಿದ ಕೂಡಲೇ ಗಾಡಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸರಿಯಾಗಿ ಕೂತ ಕನ್ವರ್ಟರ್ ಬೋಲ್ಟ್ ಬಿಗಿದ ಮೇಲೂ ಕೈಯಲ್ಲಿ ತಿರುಗಬೇಕು. ಅದು ತಿರುಗದಿದ್ದರೆ ಅಲ್ಲೇ ನಿಲ್ಲಿಸಬೇಕು. ಹಳೇ ಗೇರ್ ಬಾಕ್ಸ್ ಸುಟ್ಟು ಹೊಸದು ಹಾಕಿಸಿದ್ದರೆ ಕೂಲರ್, ಪೈಪುಗಳನ್ನ ತೊಳೆದಿದ್ದಾರಾ ಕೇಳಬೇಕು. ಹಳೇ ಪುಡಿ ಅಲ್ಲೇ ಉಳಿದರೆ ಹೊಸದಕ್ಕೂ ಅದೇ ಗತಿ.

ಆಯಿಲ್ ಸರಿ ಇದೆ, ಕರೆಂಟ್ ಸರಿ ಇದೆ, ಕೋಡ್ ಇಲ್ಲ ಅಂದ ಮೇಲೆ ಒತ್ತಡದ ಮೀಟರ್ ಕಟ್ಟಿ ನೋಡಬೇಕು. ಸ್ಟಾಲ್ ಟೆಸ್ಟ್ ಅಂತ ಇನ್ನೊಂದಿದೆ: ಬ್ರೇಕ್ ಹಿಡಿದು, ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಗೇರಲ್ಲಿ ಕೆಲವೇ ಸೆಕೆಂಡ್ ಆಕ್ಸಿಲರೇಟರ್ ಕೊಟ್ಟು ಇಂಜಿನ್ ವೇಗ ನೋಡೋದು. ಇದನ್ನ ಗೊತ್ತಿರೋರೇ ಮಾಡಬೇಕು. ಹೆಚ್ಚು ಹೊತ್ತು ಒತ್ತಿದರೆ ಆಯಿಲ್ ಕುದಿಯುತ್ತೆ, ಮುಂದೆ ನಿಂತವರ ಜೀವಕ್ಕೂ ಅಪಾಯ.

ವೆಲ್ಡಿಂಗ್, ನೀರು, ಇಲಿ

ಬಾಡಿ ಕೆಲಸಕ್ಕೆ ಅಂತ ಚಾಸಿ ಮೇಲೆ ಆರ್ಕ್ ವೆಲ್ಡಿಂಗ್ ಹೊಡೆಸೋದು ನಮ್ಮ ಕಡೆ ದಿನನಿತ್ಯದ್ದು. ಹಳೇ ಲಾರಿಗೆ ಅದರಿಂದ ಏನೂ ಆಗ್ತಿರಲಿಲ್ಲ. ಈಗಿನ ಗಾಡಿಯಲ್ಲಿ ಬ್ಯಾಟರಿ ಕೇಬಲ್ ಬಿಚ್ಚದೇ ವೆಲ್ಡಿಂಗ್ ಹೊಡೆದರೆ ಕಂಪ್ಯೂಟರ್ ಡಬ್ಬಿ ಸುಡೋ ಅಪಾಯ ಇದೆ. ಬ್ಯಾಟರಿ ಬಿಚ್ಚಬೇಕು, ಕಂಪನಿ ಹೇಳಿದ್ದರೆ ಡಬ್ಬಿಗಳ ಕನೆಕ್ಟರ್ ಕೂಡ ಬಿಡಿಸಬೇಕು, ವೆಲ್ಡಿಂಗ್ ಮಿಷಿನ್ನಿನ ಅರ್ಥ್ ಕ್ಲ್ಯಾಂಪ್ ವೆಲ್ಡ್ ಮಾಡೋ ಜಾಗದ ಪಕ್ಕದಲ್ಲೇ ಹಾಕಬೇಕು.

ಜೋರು ಪ್ರೆಶರ್‌ನಲ್ಲಿ ನೀರು ಹೊಡೆದರೆ ಕನೆಕ್ಟರ್ ಒಳಗೆ ನೀರು ಹೋಗಿ ಪಿನ್‌ಗೆ ಹಸಿರು ಕಿಲುಬು ಹಿಡಿಯುತ್ತೆ. ಕಡಲೆಕಾಯಿ, ರಾಗಿ, ಮೆಕ್ಕೆಜೋಳ ತುಂಬೋ ಗಾಡಿ ಗೋಡೌನ್ ಪಕ್ಕ ವಾರಗಟ್ಟಲೆ ನಿಂತರೆ ಇಲಿ ವೈರ್ ಕಡಿಯುತ್ತೆ. ಗ್ಯಾರೇಜಲ್ಲಿ ತಿಂಗಳು ನಿಂತ ಗಾಡಿಗೂ ಇದೇ ಕಾಟ. ಇಂಥ ಜಾಗಗಳನ್ನ ಕಣ್ಣಲ್ಲಿ ನೋಡಿ, ವೈರ್ ಅಲುಗಾಡಿಸಿ ನೋಡಬೇಕು.

ಒಂದು ಉದಾಹರಣೆ

ಒಂದು ಎಎಂಟಿ ಟಿಪ್ಪರ್ ಅಂದುಕೊಳ್ಳಿ. ಕ್ಲಚ್ ಬದಲಿಸಿದ ಮೇಲೆ ಗೇರ್ ಬೀಳ್ತಿಲ್ಲ. ಕ್ರಮ ಹೀಗಿರಬೇಕು. ಮೊದಲು ಬ್ರೇಕ್ ಲೈಟ್ ನೋಡಿದ್ದಾಯ್ತು, ಹತ್ತುತ್ತೆ. ಗಾಳಿ ಮೀಟರ್ ಭರ್ತಿ ಇದೆ. ಬ್ಯಾಟರಿ 25 ವೋಲ್ಟ್ ಇದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್‌ಗೂ ಗೇರ್ ಬಾಕ್ಸ್‌ಗೂ ನಡುವೆ ಎರಡು ವೋಲ್ಟ್ ತೋರಿಸಿತು. ಅರ್ಥ್ ಪಟ್ಟಿ ಬಿಚ್ಚಿ ನೋಡಿದರೆ ಕೆಳಗೆ ಬಣ್ಣ. ಕೆರೆದು ಬಿಗಿದರು. ಸ್ಕ್ಯಾನರಲ್ಲಿದ್ದ ಕೋಡ್ ಬರೆದುಕೊಂಡು ಅಳಿಸಿದರು. ಮತ್ತೆ ಬಂದದ್ದು ಒಂದೇ ಕೋಡ್: ಕ್ಲಚ್ ಲರ್ನಿಂಗ್ ಆಗಿಲ್ಲ. ಲರ್ನಿಂಗ್ ಮಾಡಿಸಿದರು, ಗಾಡಿ ಎಳೀತು.

ಇಲ್ಲಿ ಪಾರ್ಟ್ ಒಂದೂ ಬದಲಾಗಿಲ್ಲ. ಗೇರ್ ಬಾಕ್ಸ್ ಇಳಿಸಿದ್ದರೆ ಅರ್ಥ್ ಪಟ್ಟಿ ಮತ್ತೆ ಅದೇ ಬಣ್ಣದ ಮೇಲೇ ಕೂರ್ತಿತ್ತು. ಒಂದೊಂದೇ ಬದಲಾಯಿಸಿ, ಒಂದೊಂದಕ್ಕೂ ಪರೀಕ್ಷೆ ಮಾಡಬೇಕು ಅನ್ನೋದು ಇದಕ್ಕೇ. ನಾಲ್ಕು ಪಾರ್ಟ್ ಒಟ್ಟಿಗೆ ಹಾಕಿ ಗಾಡಿ ಸರಿಯಾದರೆ ಯಾವುದು ಕೆಟ್ಟಿತ್ತು ಅಂತ ಯಾರಿಗೂ ಗೊತ್ತಾಗಲ್ಲ, ದುಡ್ಡು ಮಾತ್ರ ನಾಲ್ಕಕ್ಕೂ ಕೊಟ್ಟಿರ್ತೀರಿ.

ಹಾಗಂತ ಗೇರ್ ಬಾಕ್ಸ್ ಇಳಿಸಲೇಬಾರದು ಅಂತಲ್ಲ. ಆಯಿಲಲ್ಲಿ ಲೋಹದ ತುಣುಕು ಬಂದರೆ, ಒಳಗೆ ಕಿರ್ರ್ ಅನ್ನೋ ಸದ್ದು ಬಂದರೆ, ಒತ್ತಡ ಇಲ್ಲ ಅಂತ ಮೀಟರೇ ತೋರಿಸಿದರೆ ಇಳಿಸಲೇಬೇಕು. ಆಗ ಯಾಕೆ ಇಳಿಸ್ತಿದ್ದಾರೆ ಅನ್ನೋದಕ್ಕೆ ಕೈಯಲ್ಲಿ ಕಾರಣ ಇರುತ್ತೆ.

ರಸ್ತೆಯಲ್ಲಿ ನಿಂತರೆ

ಗೇರ್ ಬೀಳದ ಗಾಡಿಯನ್ನ ಚಾಲಕರು ಪದೇ ಪದೇ ರೇಸ್ ಕೊಟ್ಟು ಎಳೆಸೋಕೆ ನೋಡಬಾರದು. ಒಮ್ಮೆ ಪೂರ್ತಿ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ನೋಡಬಹುದು. ಒಂದೇ ಗೇರಲ್ಲಿ ಓಡಿದರೆ ಅದು ಲಿಂಪ್ ಮೋಡ್. ನಿಧಾನವಾಗಿ ಹತ್ತಿರದ ಸುರಕ್ಷಿತ ಜಾಗಕ್ಕೆ ಹೋಗೋಕೆ ಮಾತ್ರ. ಲೋಡ್ ಸಮೇತ ಊರಿಗೆ ಹೋಗೋಕಲ್ಲ.

ಕಟ್ಟಿ ಎಳೆಯೋ ಹಾಗಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಬೇಕು. ಇಂಜಿನ್ ಆಫ್ ಇದ್ದಾಗ ಗೇರ್ ಬಾಕ್ಸ್ ಪಂಪ್ ತಿರುಗಲ್ಲ, ಚಕ್ರ ತಿರುಗಿದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೇ ಉಜ್ಜಿ ಹಾಳಾಗುತ್ತವೆ. ಸರಿ ಇದ್ದ ಗೇರ್ ಬಾಕ್ಸ್ ಗ್ಯಾರೇಜ್ ಸೇರೋ ಅಷ್ಟರಲ್ಲಿ ನಿಜವಾಗಿಯೂ ಕೆಡೋದು ಹೀಗೇ.

ಕಾಗದ ಕೈಯಲ್ಲಿರಲಿ

ಗಾಡಿ ಬಿಡುವಾಗ ಜಾಬ್ ಕಾರ್ಡ್ ಬರೆಸಿ, ಕಿಲೋಮೀಟರ್, ಹೇಳಿದ ದೂರು, ಒಪ್ಪಿದ ಮೊತ್ತ ಅದರಲ್ಲಿ ಇರಬೇಕು. ಬದಲಿಸಿದ ಹಳೇ ಪಾರ್ಟ್‌ಗಳನ್ನ ಕೇಳಿ ತೆಗೆದುಕೊಳ್ಳಿ. ಬಿಲ್ಲಲ್ಲಿ ಪಾರ್ಟ್ ನಂಬರ್, ಆಯಿಲ್ ಹೆಸರು, ಲರ್ನಿಂಗ್ ಮಾಡಿದ್ದರೆ ಅದೂ ಬರೆಸಿ. ಪಕ್ಕಾ ಬಿಲ್ ಇಲ್ಲದೇ ಆಮೇಲೆ ಮಾತಾಡೋಕೆ ಬಾಯಿ ಇರಲ್ಲ. ಎರಡನೇ ಗ್ಯಾರೇಜಿಗೆ ಒಯ್ಯೋಕೆ ಮುಂಚೆ ಮೊದಲನೆಯವರಿಗೆ ಬರವಣಿಗೆಯಲ್ಲಿ ತಿಳಿಸಿ, ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ಬೇರೆಯವರು ಬಿಚ್ಚಿದ ಮೇಲೆ "ನಾವು ಕೊಟ್ಟಾಗ ಸರಿ ಇತ್ತು" ಅನ್ನೋ ಮಾತಿಗೆ ಉತ್ತರ ಕೊಡೋದು ಕಷ್ಟ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರರು ತಾವು ವಾಸ ಮಾಡೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ನಾಲ್ಕು ತಾಲ್ಲೂಕಿನವರಿಗೂ ಅದು ತುಮಕೂರು. ದೂರಿಗೆ ಕಾರಣವಾದ ಘಟನೆ ನಡೆದ ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ.

ಲಾರಿ ವ್ಯಾಪಾರದ್ದಲ್ವಾ, ಗ್ರಾಹಕ ಅಂತ ಒಪ್ತಾರಾ ಅನ್ನೋ ಪ್ರಶ್ನೆ ಬರುತ್ತೆ. 1995ರ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನೋಪಾಯಕ್ಕಾಗಿ ತಾನೇ ಬಾಡಿಗೆಗೆ ಓಡಿಸೋಕೆ ಲಾರಿ ಕೊಂಡವನು ಗ್ರಾಹಕನೇ ಅಂತ ಉದಾಹರಣೆ ಕೊಟ್ಟು ಹೇಳಿದೆ. ಅದು ಗಾಡಿ ಖರೀದಿಯ ಬಗ್ಗೆ ಆಡಿದ ಮಾತು. ರಿಪೇರಿ ಸೇವೆಯ ದೂರಿನಲ್ಲಿ, ಅದರಲ್ಲೂ ಹತ್ತು ಲಾರಿ ಇಟ್ಟು ಸಂಬಳಕ್ಕೆ ಚಾಲಕರನ್ನ ಇಟ್ಟವರ ವಿಷಯದಲ್ಲಿ, ಎದುರು ಕಡೆಯವರು 'ವಾಣಿಜ್ಯ ಉದ್ದೇಶ' ಅಂತ ವಾದ ಎತ್ತಬಹುದು. ದೂರು ಕೊಡೋಕೆ ಮುಂಚೆ ವಕೀಲರನ್ನ ಕೇಳೋದು ಒಳ್ಳೇದು.

ಗ್ಯಾರೇಜಲ್ಲಿ ಕೇಳಬೇಕಾದ ಆರು ಪ್ರಶ್ನೆ

1. ಕಳೆದ ಸಲ ಏನೇನು ಬಿಚ್ಚಿದ್ರಿ, ಎಲ್ಲ ಕನೆಕ್ಟರ್ ವಾಪಸ್ ಹಾಕಿದ್ದೀರಾ?
2. ಬ್ಯಾಟರಿ, ಅರ್ಥ್ ಮೀಟರ್ ಹಾಕಿ ನೋಡಿದ್ರಾ, ಎಷ್ಟು ಬಂತು?
3. ಸ್ಕ್ಯಾನರಲ್ಲಿ ಯಾವ ಕೋಡ್ ಬಂತು, ಅಳಿಸೋಕೆ ಮುಂಚೆ ಫೋಟೊ ತೆಗೆದ್ರಾ?
4. ಕ್ಲಚ್, ಗೇರ್ ಲರ್ನಿಂಗ್ ಆಯ್ತಾ?
5. ಯಾವ ಆಯಿಲ್, ಎಷ್ಟು ಲೀಟರ್ ಹಾಕಿದ್ರಿ?
6. ಗೇರ್ ಬಾಕ್ಸ್ ಇಳಿಸಬೇಕು ಅಂತೀರಲ್ಲ, ಯಾವ ಪರೀಕ್ಷೆ ನೋಡಿ?

ಕೆಲಸ ಬಲ್ಲ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಜಾರು ಮಾಡ್ಕೊಳ್ಳಲ್ಲ. ಉತ್ತರ ಅವರ ಬಳಿ ಆಗಲೇ ಇರುತ್ತೆ. ಆರನೇ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಗೇರ್ ಬಾಕ್ಸ್ ಬೋಲ್ಟಿಗೆ ಸ್ಪ್ಯಾನರ್ ಹಾಕಿಸೋದು ಒಂದು ದಿನ ಮುಂದಕ್ಕೆ ಹಾಕಿದರೂ ನಷ್ಟವಿಲ್ಲ.